ಆಕಾಶಕ್ಕೆ ಮಸಿ ಹಚ್ಚುವವಳು

ನಮ್ಮೂರಿನ ದೊಡ್ಡ ಇಗರ್ಜಿಯ ಹಳೆಯ ಫೋಟೋ ಯಾವುದನ್ನು ತೆಗೆದರೂ ಅದರಲ್ಲಿ ಆಕಾಶ ಬೋಳಾಗಿರುತ್ತದೆ. ಮೋಡವಿಲ್ಲ, ಹಕ್ಕಿಯಿಲ್ಲ, ಒಂದು ಕಲೆಯೂ ಇಲ್ಲ. ಈಗಿನವರು ಅದನ್ನು ನೋಡಿ, ಆಗೆಲ್ಲ ನಮ್ಮ ಪಿಕಾರ್ಡಿ ಸೀಮೆಯಲ್ಲಿ ಎಂಥ ಒಳ್ಳೆಯ ಹವೆಯಿತ್ತು ಎನ್ನುತ್ತಾರೆ. ಹವೆಯೂ ಇಲ್ಲ, ಮಣ್ಣೂ ಇಲ್ಲ. ವರ್ಷದ ಅರ್ಧ ಭಾಗ ಒದ್ದೆ ಬಟ್ಟೆಯಂತೆ ನಮ್ಮ ತಲೆಯ ಮೇಲೆ ನೇತಾಡುವ ಆಕಾಶವೇ ಆಗಲೂ ಇತ್ತು. ಅದನ್ನು ಅಷ್ಟು ಬಿಳಿ ಮಾಡಿದವಳು ಸಿದೋನಿ ಕೋದ್ರೋನ್.

ನಾನು ಓಕ್ತಾವಿ, ಅವಳಿದ್ದ ಫೋಟೋ ಕಾರ್ಖಾನೆಯಲ್ಲೇ ಪ್ರತಿಗಳನ್ನು ತೊಳೆಯುತ್ತಿದ್ದವಳು. ಹದಿನೇಳು ವರ್ಷ ತಣ್ಣೀರಿನ ತೊಟ್ಟಿಯಲ್ಲಿ ಕೈಯಿಟ್ಟು ನಿಂತದ್ದಕ್ಕೆ ಈಗ ಬೆರಳು ಮಡಚಲು ಬರುವುದಿಲ್ಲ. ಸದಾ ನೀರಿನಲ್ಲೇ ಇರುತ್ತೇನೆಂದು ಎಲ್ಲರೂ ನನ್ನನ್ನು ಬಾತುಕೋಳಿ ಎನ್ನುತ್ತಿದ್ದರು. ಹೆಸರಿಟ್ಟವಳು ಸಿದೋನಿಯೇ. ಅವಳು ಜೀವನದಲ್ಲಿ ಮಾಡಿದ ತಮಾಷೆಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು, ಅದರಲ್ಲಿ ಇದೂ ಒಂದು.

ಕಾರ್ಖಾನೆಯೆಂದರೆ ದೊಡ್ಡದೇನಲ್ಲ. ಚರ್ಮ ಹದ ಮಾಡುವವರ ಬೀದಿಯ ಕೊನೆಯಲ್ಲಿ, ಮದಾಮ್ ಬ್ರಿಯಾ ಎಂಬ ವಿಧವೆಯ ಹಿತ್ತಿಲು. ಬಿಸಿಲು ಬೀಳುವ ಕಡೆ ಉದ್ದಕ್ಕೆ ಹಲಗೆ ಹಾಸಿ ಚೌಕಟ್ಟುಗಳನ್ನು ಸಾಲಾಗಿ ಇಟ್ಟಿರುತ್ತಿದ್ದೆವು. ನಾವು ಒಂಬತ್ತು ಹೆಂಗಸರು, ಎಲ್ಲರ ಬೆರಳೂ ಫೋಟೋ ಕಾಗದಕ್ಕೆ ಹಚ್ಚುವ ಬೆಳ್ಳಿಯ ನೀರಿನಿಂದ ಕಪ್ಪು. ಭಾನುವಾರ ಪೂಜೆಗೆ ಹೋದಾಗ ಯಾರು ಮದಾಮ್ ಬ್ರಿಯಾಳ ಕೆಲಸದವರು ಎಂದು ಪಾದ್ರಿಗೆ ಕೈ ನೋಡಿದರೇ ತಿಳಿಯುತ್ತಿತ್ತು. ಪ್ಯಾರಿಸಿನಿಂದ ಬಂದ ಸಾಹೇಬರು, ನಮ್ಮ ಬಾಯಲ್ಲಿ ಮುಸ್ಯೂಗಳು, ದೊಡ್ಡ ಕ್ಯಾಮೆರಾ ಹೊತ್ತುಕೊಂಡು ಹಳೆಯ ಕಟ್ಟಡಗಳನ್ನು ತೆಗೆದು, ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳನ್ನು ನಮ್ಮಲ್ಲಿಗೆ ಕಳಿಸುತ್ತಿದ್ದರು. ಅವನ್ನು ಚೌಕಟ್ಟಿನಲ್ಲಿ ಹೊಸ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಪ್ರತಿ ಮೂಡುತ್ತಿತ್ತು.

ನೆಗೆಟಿವ್‌ನಲ್ಲಿ ಎಲ್ಲವೂ ಉಲ್ಟಾ. ಬಿಳಿಯದು ಕಪ್ಪು, ಕಪ್ಪಾದದ್ದು ತಿಳಿ. ಪ್ರತಿಯಲ್ಲಿ ಬಿಳಿಯಾಗಬೇಕಾದ ಆಕಾಶ ಅಲ್ಲಿ ಗಟ್ಟಿ ಕಪ್ಪಾಗಿ ಬರಬೇಕು, ಆದರೆ ಆ ಕಾಗದದಲ್ಲಿ ಯಾವಾಗಲೂ ಚುಕ್ಕೆ, ಗುಳ್ಳೆ, ನೀರಿನ ಕಲೆ. ಹಾಗೇ ಬಿಟ್ಟರೆ ಇಗರ್ಜಿಗೆ ಸಿಡುಬು ಬಂದಂತೆ ಕಾಣುತ್ತಿತ್ತು. ಅದಕ್ಕೇ ಕಟ್ಟಡದ ಅಂಚನ್ನು ಹಿಡಿದುಕೊಂಡು ಆಕಾಶಕ್ಕೆಲ್ಲ ಕುಂಚದಿಂದ ಮಸಿ ಹಚ್ಚಬೇಕು. ಕೂದಲೆಳೆ ಆಚೀಚೆಯಾದರೂ ಗೋಪುರದ ಆಕಾರ ಕೆಡುತ್ತದೆ. ಆ ಕೆಲಸವನ್ನು ಸಿದೋನಿ ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಅವಳಿಗೆ ಆ ಕಣ್ಣು ಬಂದದ್ದು ಅಪ್ಪನಿಂದ. ಅನ್ಸೆಲ್ಮ್ ಕೋದ್ರೋನ್ ನಮ್ಮ ಇಗರ್ಜಿಯ ಕಲ್ಲುಕುಟಿಗ. ಊರಿಗೆಲ್ಲ ಕೋದ್ರೋನ್ ತಾತ. ಹೆಂಡತಿ ಬೇಗ ಸತ್ತಳು; ಮಗಳನ್ನು ಮರದ ಏಣಿಗಳ ಮೇಲೆ, ಕಲ್ಲುಪುಡಿಯ ನಡುವೆ ತಾನೇ ಬೆಳೆಸಿದ. ಬೇರೆ ಮಕ್ಕಳು ಅಕ್ಷರ ತಿದ್ದುವ ವಯಸ್ಸಿನಲ್ಲಿ ಅವಳು ಕಣ್ಣು ಮುಚ್ಚಿ ಗೋಡೆ ಸವರಿ, ಇದು ಹಲ್ಲಿನ ಉಳಿ, ಇದು ಚಪ್ಪಟೆ ಉಳಿ, ಇದು ಯಾರ ಉಳಿಯೂ ಅಲ್ಲ, ಹಿಮದ ಕಡಿತ ಎಂದು ಹೇಳುತ್ತಿದ್ದಳಂತೆ.

ನನಗೂ ಕಲಿಸಿದಳು. ಒಂದು ದಿನ ತೊಟ್ಟಿಯಿಂದ ಎತ್ತಿದ ಹಸಿ ಪ್ರತಿಯನ್ನು ಗಾಜಿನ ಮೇಲೆ ಹರಡಿ ಕೇಳಿದಳು.

"ಏನಿದು ಹೇಳು?"

"ಗೋಡೆ."

"ಗೋಡೆ ಅಂತ ಕುರುಡನೂ ಹೇಳ್ತಾನೆ ಬಾತುಕೋಳಿ. ಬೆಳಕು ಎಲ್ಲಿಂದ ಬಂದಿದೆ?"

"ಎಡಗಡೆಯಿಂದ. ಪಕ್ಕದಿಂದ."

"ಹಾಂ. ಬೆಳಗಿನ ಹೊತ್ತು. ಮಧ್ಯಾಹ್ನ ತೆಗೆದಿದ್ರೆ ಈ ಗೋಡೆ ಇಸ್ತ್ರಿ ಮಾಡಿದ ದುಪ್ಪಟಿ ಥರ ಇರ್ತಿತ್ತು. ಬೆಳಕು ಪಕ್ಕದಿಂದ ಸವರಿದಾಗಲೇ ಕಲ್ಲಿಗೆ ಚರ್ಮ ಬರೋದು. ಈಗ ಈ ಗೀರು ನೋಡು. ಯಾವ ಕಡೆ ವಾಲಿದೆ?"

"ಬಲಕ್ಕೆ... ಇಲ್ಲಿ ಮಾತ್ರ ಎಡಕ್ಕೆ."

"ಎಡಕ್ಕೆ ವಾಲಿರೋದು ನಮ್ಮಪ್ಪಂದು. ಎಡಗೈಯವನು."

ಅಷ್ಟು ಹೇಳಿ ಕುಂಚ ತೊಳೆಯಲು ಎದ್ದು ಹೋದಳು. ಅಪ್ಪನ ಹೆಸರು ಬಂದಾಗಲೆಲ್ಲ ಅವಳಿಗೆ ಏನಾದರೂ ತೊಳೆಯುವುದಿರುತ್ತಿತ್ತು. ಏಕೆಂದರೆ ನಾಲ್ಕು ವರ್ಷದಿಂದ ಅಪ್ಪ ಮಗಳಿಗೆ ಮಾತಿರಲಿಲ್ಲ.

ಕಾರಣ ಈ ಕಾರ್ಖಾನೆಯೇ. ಅವಳು ಮನೆ ಬಿಟ್ಟು ಕೆಲಸಕ್ಕೆ ಹೊರಟಾಗ ತಾತ, "ಕಲ್ಲನ್ನ ಕೈಯಲ್ಲಿ ಓದಬೇಕು. ಕಾಗದದಲ್ಲಿ ನೋಡಿ ಬದುಕೋಳು ನನ್ನ ಮಗಳೇ ಅಲ್ಲ" ಅಂದನಂತೆ. ಇವಳು, "ಹಾಗಾದ್ರೆ ಆ ಕಲ್ಲನ್ನೇ ಮಗಳು ಅಂದ್ಕೋ" ಅಂದಳಂತೆ. ಅಲ್ಲಿಗೆ ಮುಗಿಯಿತು. ಇಬ್ಬರ ಮನೆಗೂ ಮೂರು ಬೀದಿ ಅಂತರ. ಸಂತೆಯಲ್ಲಿ ಎದುರಾದರೆ ಒಬ್ಬರು ಮೀನು ನೋಡುತ್ತಿದ್ದರು, ಒಬ್ಬರು ಈರುಳ್ಳಿ ನೋಡುತ್ತಿದ್ದರು. ನನಗೆ ಇಬ್ಬರನ್ನೂ ಹಿಡಿದು ತಲೆಗೆ ತಲೆ ಕುಟ್ಟಬೇಕು ಅನ್ನಿಸುತ್ತಿತ್ತು. ಅವಳು ಕಾರ್ಖಾನೆಯ ಮೇಲಿನ ಕೋಣೆಯಲ್ಲಿ ಒಬ್ಬಳೇ ಇರುತ್ತಿದ್ದಳು. ಒಂದೇ ಕುರ್ಚಿ, ಒಂದೇ ಬಟ್ಟಲು. ಯಾರಾದರೂ ಬಂದರೆ ಎಲ್ಲಿ ಕೂರಿಸುತ್ತೀಯ ಎಂದು ಕೇಳಿದ್ದಕ್ಕೆ, "ಯಾರು ಬರ್ತಾರೆ?" ಅಂದಳು.

ಹೀಗಿರುವಾಗ ಒಂದು ವಸಂತದಲ್ಲಿ ಮುಸ್ಯೂ ಗಾರ್ನೋ ಎಂಬವನು ಪ್ಯಾರಿಸಿನಿಂದ ಬಂದು, ಎದುರುಮನೆಯ ಮಾಳಿಗೆಯ ಮೇಲೆ ಕ್ಯಾಮೆರಾ ಇಟ್ಟು ನಮ್ಮ ದಕ್ಷಿಣದ ಗೋಪುರವನ್ನು ತೆಗೆದ. ಆ ತಿಂಗಳು ಗೋಪುರದ ದುರಸ್ತಿ ನಿಂತಿತ್ತು, ಮರದ ಅಟ್ಟಣಿಗೆಗಳನ್ನೆಲ್ಲ ಇಳಿಸಿದ್ದರು. ನೆಗೆಟಿವ್ ನಮ್ಮಲ್ಲಿಗೆ ಬಂತು. ಗಾರ್ನೋ ಬೇರೆ ಊರುಗಳಿಗೆ ಹೊರಟುಹೋದ.

ಸಿದೋನಿ ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆ ಗೋಪುರದ ತುದಿಯ ಕಲ್ಲಿನ ಕಟಕಟೆ, ಅದರ ಮೂಲೆಯಲ್ಲಿರುವ ಕಲ್ಲಿನ ಮೊಗ್ಗು, ಎರಡನ್ನೂ ಹೊಸದಾಗಿ ಕೆತ್ತಿದ್ದು ಅವಳಪ್ಪ. ನನ್ನನ್ನು ಕರೆದಳು.

"ಎಷ್ಟು ಚೆನ್ನಾಗಿ ಬಂದಿದೆ ನೋಡು. ಆದ್ರೆ ಕಟಕಟೆಯ ಮೇಲೆ ಮೂರು ಗುಳ್ಳೆ ಎದ್ದಿವೆ, ದರಿದ್ರ ಕಾಗದ."

ನಾನೂ ನೋಡಿದೆ. ಕಪ್ಪು ಆಕಾಶದಲ್ಲಿ ಮೂರು ತಿಳಿ ಚುಕ್ಕೆ. ಒಂದು ಬಟಾಣಿಯ ಅರ್ಧದಷ್ಟು, ಮತ್ತೊಂದು ಅದಕ್ಕಿಂತ ಚಿಕ್ಕದು, ಮೂರನೆಯದು ಮೊಗ್ಗಿಗೇ ಅಂಟಿಕೊಂಡಿತ್ತು.

"ಅದು ಮೊಗ್ಗಿಂದೇ ಇರಬೇಕು, ಬಿಡು," ಅಂದೆ.

"ಅಲ್ಲ. ಆ ಮೊಗ್ಗು ನಾನು ಹಿಡಿದುಕೊಂಡು ನಿಂತಿರೋವಾಗ ಕೆತ್ತಿದ್ದು. ಎಲ್ಲಿ ಉಬ್ಬಿದೆ ಎಲ್ಲಿ ತಗ್ಗಿದೆ ಎಲ್ಲ ನನಗೆ ಬಾಯಿಪಾಠ. ಇಲ್ಲಿ ಉಬ್ಬೇ ಇಲ್ಲ. ಈ ಆಕಾರ ಹೀಗೇ ಪ್ಯಾರಿಸಿಗೆ ಹೋದ್ರೆ ಅಪ್ಪನ ಕೆಲಸ ಒರಟು ಅಂತಾರೆ."

ಭೂತಗನ್ನಡಿ ಇಟ್ಟುಕೊಂಡು, ಉಸಿರು ಬಿಗಿಹಿಡಿದು ಮಸಿ ಹಚ್ಚಿದಳು. ಮೊದಲ ಎರಡು ಚುಕ್ಕೆ ದೊಡ್ಡವೆಂದು ಕಾಗದದ ಎರಡೂ ಬದಿಗೆ ಹಚ್ಚಿದಳು. ಮೊಗ್ಗಿನ ಪಕ್ಕದ್ದಕ್ಕೆ ಮಾತ್ರ ಹಿಂದಿನ ಮೇಣದ ಬದಿಗೆ ತೆಳ್ಳಗೆ ಒಂದೇ ಗೀಟು. ಪ್ರತಿ ಬಂದಾಗ ಮೊಗ್ಗು ನಿಜವಾದ ಮೊಗ್ಗಿನಂತೆಯೇ ಇತ್ತು. ಅದರ ಪಕಳೆಯ ಮೇಲೆ ಎಡಕ್ಕೆ ವಾಲಿದ ಗೀರು ಕೂಡ ಕಾಣುತ್ತಿತ್ತು. ಆ ಒಂದು ಸಂಜೆ ಅವಳು ನನಗೆ ಸೇಬಿನ ಮದ್ಯ ಕುಡಿಸಿದಳು. ಅಷ್ಟು ಖುಷಿ.

ಬೇಸಗೆಯಲ್ಲಿ ಆ ಪ್ರತಿಯನ್ನು ಚೌಕದ ಪುಸ್ತಕದಂಗಡಿಯವನು ಕಿಟಕಿಯಲ್ಲಿ ತೂಗುಹಾಕಿದ. ಎರಡು ದಿನ ಕಳೆದು, ಮಧ್ಯಾಹ್ನ ನಾವು ಚೌಕಟ್ಟುಗಳನ್ನು ಬಿಸಿಲಿಗೆ ತಿರುಗಿಸುತ್ತಿದ್ದಾಗ, ಹಿತ್ತಿಲ ಬಾಗಿಲಲ್ಲಿ ಕೋದ್ರೋನ್ ತಾತ ನಿಂತಿದ್ದ. ನೀಲಿ ಅಂಗಿ ಒಗೆದು ಹಾಕಿಕೊಂಡಿದ್ದ, ಟೋಪಿ ಕೈಯಲ್ಲಿತ್ತು. ಏದುಸಿರು ಬಿಡುತ್ತಿದ್ದ. ಐವತ್ತು ವರ್ಷದ ಕಲ್ಲುಪುಡಿ ಅವನ ಎದೆಯಲ್ಲಿತ್ತು. ಎರಡು ಮಾತಿಗೊಮ್ಮೆ ಕೆಮ್ಮು ಬರುತ್ತಿತ್ತು.

"ಗೋಪುರದ ಚಿತ್ರ," ಅಂದ. "ನೋಡಿದೆಯಾ?"

ಸಿದೋನಿ ಕೆಂಪಗಾದಳು. ನಾಲ್ಕು ವರ್ಷದ ಮೇಲೆ ಮೊದಲ ಮಾತು. ಮೊದಲು ಅಪ್ಪನಿಗೆ ನೀನು ಅನ್ನುತ್ತಿದ್ದವಳು ಈಗ ಬಹುವಚನ ಹಿಡಿದಳು.

"ನೋಡಿದೆ. ನೀವೂ ನೋಡಿದ್ರಾ?"

"ನೋಡಿದೆ. ಅದು... ನಿಮ್ಮಲ್ಲಿಗೆ ಬಂದಾಗಲೂ ಹಾಗೇ ಇತ್ತಾ?"

"ಇಲ್ಲ. ಕಟಕಟೆ ಮೇಲೆ ಚುಕ್ಕೆ ಬಿದ್ದಿತ್ತು, ಅಸಹ್ಯವಾಗಿತ್ತು. ತೆಗೆಸಿ ಆಯ್ತು. ಈಗ ಚೆನ್ನಾಗಿದೆ ಅಲ್ವಾ?"

ತಾತ ಅವಳನ್ನೇ ನೋಡಿದ. ಅವಳು ಮೆಚ್ಚುಗೆಗೆ ಕಾದಿದ್ದಳು. ಅದು ನನಗೂ ಕಾಣುತ್ತಿತ್ತು, ಕಾಣಬೇಕಾದವನಿಗೆ ಮಾತ್ರ ಕಾಣಲಿಲ್ಲ.

"ಹೂಂ," ಅಂದ. "ಚೊಕ್ಕಟವಾಗಿದೆ."

ತಿರುಗಿ ಹೊರಟ. ನಾನು ನೀರು ಚೆಲ್ಲುವ ನೆಪದಲ್ಲಿ ಬೀದಿಯವರೆಗೂ ಹಿಂದೆ ಹೋದೆ. ಗೋಡೆ ಹಿಡಿದು ನಿಂತು ಕೆಮ್ಮುತ್ತಿದ್ದವನು, ಕೆಮ್ಮು ನಿಂತ ಮೇಲೆ ನನ್ನನ್ನು ಕೇಳಿದ.

"ಮಗೂ, ಈ ಆಕಾಶಕ್ಕೆಲ್ಲ ಮಸಿ ಹಚ್ಚೋದು ಯಾರು? ಅವಳೇನಾ?"

ನಾನು ಅವಳ ಪರವಾಗಿ ಎದೆ ಉಬ್ಬಿಸಿದೆ. ಅಪ್ಪನಿಗೆ ಮಗಳ ಬೆಲೆ ಗೊತ್ತಾಗಲಿ ಅಂತ.

"ಮತ್ತೆ ಯಾರು ತಾತ? ಅವಳೇ. ಒಂದು ಚುಕ್ಕೆನೂ ಬೇರೆ ಯಾರೂ ಮುಟ್ಟೋ ಹಾಗಿಲ್ಲ. ಭೂತಗನ್ನಡಿ ಇಟ್ಟು ನೋಡಿ ನೋಡಿ ಹಚ್ತಾಳೆ."

"ನೋಡಿ ನೋಡಿ," ಅಂದ ತಾತ. ಟೋಪಿ ಹಾಕಿಕೊಂಡು ಹೊರಟುಹೋದ.

ಒಳಗೆ ಬಂದರೆ ಸಿದೋನಿ ಕುಂಚ ತೊಳೆಯುತ್ತಿದ್ದಳು. ಭಾನುವಾರ ಈರುಳ್ಳಿಸೊಪ್ಪಿನ ಕಡುಬು ಮಾಡಿಕೊಂಡು ಅಪ್ಪನ ಮನೆಗೆ ಹೋಗುತ್ತೇನೆ, ಅವನೇ ಮೊದಲು ಬಂದನಲ್ಲ ಎಂದಳು. ಭಾನುವಾರ ಹೋದಳು. ಬಾಗಿಲು ತೆರೆಯಲಿಲ್ಲ. ಒಳಗೆ ಕೆಮ್ಮು ಕೇಳುತ್ತಿತ್ತಂತೆ. ಮುಂದಿನ ಭಾನುವಾರವೂ ಹೋದಳು. ಮೂರನೆಯ ಸಲ ಕಡುಬನ್ನು ಮೆಟ್ಟಿಲ ಮೇಲಿಟ್ಟು ಬಂದಳು. ಸಂಜೆ ನಾಯಿ ತಿನ್ನುತ್ತಿದ್ದುದನ್ನು ನಾನೇ ನೋಡಿದೆ, ಹೇಳಲಿಲ್ಲ. ಸೇಬಿನ ಕೊಯ್ಲಿನ ಹೊತ್ತಿಗೆ ತಾತ ತೀರಿಕೊಂಡ. ಮುದುಕನಿಗೆ ಅಷ್ಟು ಹಟ ಯಾಕಿತ್ತೋ ಎಂದು ಊರೆಲ್ಲ ಬೈಯಿತು. ನಾನೂ ಬೈದೆ. ಸಿದೋನಿ ಅಳಲಿಲ್ಲ. ಅಪ್ಪನ ಮುಖ ಈಗಲೇ ಮರೆಯುತ್ತಿದೆ, ಕೈ ಮಾತ್ರ ನೆನಪಿದೆ ಎಂದಳು. ಬಡವರ ಮುಖದ ಫೋಟೋ ಆಗ ಯಾರು ತೆಗೆಯುತ್ತಿದ್ದರು? ದಿನವೆಲ್ಲ ಫೋಟೋಗಳ ನಡುವೆ ಇರುವವಳ ಹತ್ತಿರ ಅಪ್ಪನದೊಂದು ಇರಲಿಲ್ಲ.

ಚಳಿಗಾಲ ಕಳೆದು ಮುಸ್ಯೂ ಗಾರ್ನೋ ಬಂದ. ತನ್ನ ಚಿತ್ರಗಳ ಪ್ರತಿಗಳನ್ನು ಮೇಜಿನ ಮೇಲೆ ಒಂದೊಂದಾಗಿ ತಿರುವಿದವನು ಗೋಪುರದ ಮುಂದೆ ನಿಂತ.

"ನನ್ನ ಮುದುಕ ಎಲ್ಲಿ?"

"ಯಾವ ಮುದುಕ ಮುಸ್ಯೂ?" ಎಂದಳು ಸಿದೋನಿ.

"ಮೇಲೆ ನಿಂತಿದ್ದನಲ್ಲಮ್ಮ! ಕಟಕಟೆ ಕೆತ್ತಿದವನು ನಾನೇ, ನನ್ನನ್ನೂ ಸೇರಿಸಿ ತೆಗೀರಿ ಅಂತ ಅವನೇ ಬಂದು ಕೇಳಿದ. ಕಾಲು ಗಂಟೆ ಅಲ್ಲಾಡದೆ ನಿಲ್ಲಬೇಕಪ್ಪ, ಇಲ್ಲದಿದ್ರೆ ಮೂಡೋದಿಲ್ಲ ಅಂದೆ. ನಿಲ್ತೀನಿ ಅಂದ. ನನ್ನ ಮಗಳು ನಿಮ್ಮ ಕಾಗದದ ಕಾರ್ಖಾನೆಯಲ್ಲಿದ್ದಾಳೆ, ಅವಳೇ ಕಂಡುಹಿಡೀಲಿ, ನೀವು ಹೇಳಬೇಡಿ ಅಂದ. ಮುನ್ನೂರು ಮೆಟ್ಟಿಲು ಹತ್ತಿದ ಆ ವಯಸ್ಸಲ್ಲಿ. ಒಂದು ಕೈ ಕಟಕಟೆ ಮೇಲೆ, ಇನ್ನೊಂದು ಕೈ ಆ ಕಲ್ಲಿನ ಮೊಗ್ಗಿನ ಮೇಲೆ. ಕೆಮ್ಮಿನ ರೋಗಿ ಬೇರೆ. ಕಾಲು ಗಂಟೆ ಒಂದು ಸಲವೂ ಕೆಮ್ಮಲಿಲ್ಲ! ಮುಖ ಬೀಟ್ರೂಟ್ ಆಗಿತ್ತು. ಆಯ್ತು ಅಂತ ನಾನು ಕರವಸ್ತ್ರ ಬೀಸಿದೆ ನೋಡಿ, ಆಗ ಶುರುವಾದ ಕೆಮ್ಮು ಬೀದಿ ಆಚೆಯ ಮಾಳಿಗೆ ತನಕ ಕೇಳ್ತು."

ನಮಗೆಲ್ಲರಿಗೂ ಒಟ್ಟಿಗೇ ಗೊತ್ತಾಯಿತು. ಆ ಕಾಗದಕ್ಕೆ ನೀಲಿಯೆಂದರೆ ಬಿಳಿಯೇ. ಬೀದಿಯಲ್ಲಿ ಒಣಗಲು ಹಾಕಿದ ನೀಲಿ ಲಂಗಗಳು ಫೋಟೋದಲ್ಲಿ ಸುಣ್ಣ ಬಳಿದಂತೆ ಬರುತ್ತವೆಂದು ದಿನಾ ನಗುತ್ತಿದ್ದವರು ನಾವು. ನೀಲಿ ಅಂಗಿ ಆಕಾಶದೊಳಗೆ ಕರಗಿತ್ತು. ಕಲ್ಲುಪುಡಿಯ ಟೋಪಿಯೂ ಕರಗಿತ್ತು. ಬಿಸಿಲಿಗೆ ಸುಟ್ಟ ಮುಖವೊಂದು, ಕೈಗಳೆರಡು, ಅಷ್ಟೇ ಉಳಿದಿದ್ದವು. ಮೂರು ಚುಕ್ಕೆ.

ಸಿದೋನಿ ಗೋಡೆಗೆ ಒರಗಿ ಕೆಳಗೆ ಕೂತಳು. "ಅಸಹ್ಯವಾಗಿತ್ತು ಅಂದೆ," ಎಂದಳು. "ಅವನ ಮುಖಕ್ಕೇ ಅಂದೆ."

ಗಾರ್ನೋ ಒಳ್ಳೆಯ ಮನುಷ್ಯ, ಪ್ಯಾರಿಸಿನವನಾದರೂ. ಆ ನೆಗೆಟಿವ್ ಹೇಗೂ ಸವೆದಿದೆ, ಇನ್ನೊಂದು ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಅದನ್ನು ಅವಳಿಗೇ ಬಿಟ್ಟುಕೊಟ್ಟ. ಮೂರು ವಾರ ಅವಳು ಅದನ್ನು ಮುಟ್ಟಲಿಲ್ಲ. ಆಮೇಲೆ ಒಂದು ಬೆಳಗ್ಗೆ ಹತ್ತಿ, ಟರ್ಪೆಂಟೈನ್, ಗರಿಯ ಮೊನೆ ತೆಗೆದುಕೊಂಡು ಕಿಟಕಿಯ ಬಳಿ ಕೂತಳು. ಕಟಕಟೆಯ ಮೇಲಿದ್ದ ಬಲಗೈಯಿಂದ ಶುರು ಮಾಡಿದಳು. ಎರಡೂ ಬದಿಗೆ ಹಚ್ಚಿದ್ದ ಮಸಿ ಎದ್ದುಬರುವಾಗ ಕಾಗದದ ಮೈಯನ್ನೂ ಕಿತ್ತುಕೊಂಡು ಬಂತು. ತೂತು ಬಿತ್ತು. ಅವಳು ಕಿರುಚಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮೊಗ್ಗಿನ ಪಕ್ಕದ ಎಡಗೈಗೆ ಮೇಣದ ಬದಿಯಲ್ಲಿ ಮಾತ್ರ ಮಸಿಯಿತ್ತಲ್ಲ, ಅದು ನಿಧಾನಕ್ಕೆ ಪೊರೆಯಂತೆ ಬಿಟ್ಟಿತು. ಕೆಳಗೆ ಕೈ ಇತ್ತು.

"ಇನ್ನು ಮುಖ," ಅಂದೆ ನಾನು.

ಅವಳು ಗರಿ ಕೆಳಗಿಟ್ಟಳು. "ಮುಖಕ್ಕೂ ಎರಡೂ ಕಡೆ ಹಚ್ಚಿದೀನಿ."

"ಬಂದ್ರೂ ಬರಬಹುದು."

"ಹೋದ್ರೆ? ಈಗ ಮಸಿ ಕೆಳಗಾದ್ರೂ ಇದ್ದಾನೆ, ಬಾತುಕೋಳಿ. ತೂತು ಬಿದ್ರೆ ಎಲ್ಲೂ ಇರಲ್ಲ."

ಆ ನೆಗೆಟಿವ್‌ನಿಂದ ಒಂದೇ ಒಂದು ಪ್ರತಿ ಮಾಡಿದೆವು. ನಮ್ಮ ಪ್ರತಿಗಳು ಸರಿಯಾಗಿ ತೊಳೆಯದಿದ್ದರೆ ಹತ್ತು ವರ್ಷದಲ್ಲಿ ಹಳದಿಯಾಗಿ ಅಳಿಸಿಹೋಗುತ್ತಿದ್ದವು. ಮದಾಮ್ ಬ್ರಿಯಾಳ ಅವಸರಕ್ಕೆ ನಾನು ಹಾಗೆ ಹಾಳು ಮಾಡಿದ್ದು ನೂರಾರಿದ್ದಾವು. ಇದೊಂದನ್ನು ಮೂರು ದಿನ, ನಲವತ್ತು ಸಲ ನೀರು ಬದಲಿಸಿ ತೊಳೆದೆ. ಅದು ಅವಳ ಕೋಣೆಯ ಗೋಡೆ ಸೇರಿತು. ಬೋಳು ಆಕಾಶ, ಒಂದು ಕಪ್ಪು ತೂತು, ಮೊಗ್ಗಿನ ಮೇಲೆ ಸಾಸಿವೆ ಕಾಳಿನಷ್ಟು ಒಂದು ಕೈ. ಭೂತಗನ್ನಡಿ ಹಿಡಿದರೆ ಬೆರಳುಗಳೂ ಕಾಣುತ್ತಿದ್ದವು. ಅಗಲಿಸಿ ಒತ್ತಿರಲಿಲ್ಲ, ಕಲ್ಲನ್ನು ಓದುವವನು ಸವರುವ ಹಾಗೆ ಇಟ್ಟಿದ್ದ.

ಅವಳು ಮದುವೆಯಾಗಲಿಲ್ಲ. ಎರಡನೆಯ ಕುರ್ಚಿ ತರಲಿಲ್ಲ. ನಾನು ಹೋದಾಗ ಮಂಚದ ಮೇಲೆ ಕೂರುತ್ತಿದ್ದೆ. ಗಾಜಿನ ನೆಗೆಟಿವ್ ಬಂದ ಮೇಲೆ ಕಾರ್ಖಾನೆಯಲ್ಲಿ ಮಸಿಯ ಕೆಲಸ ಕಮ್ಮಿಯಾಯಿತು. ಗಾಜಿನಲ್ಲಿ ಕಲ್ಲೆಲ್ಲ ಕಾಣುತ್ತದೆ, ಕಲ್ಲಿನ ವಯಸ್ಸು ಕಾಣುವುದಿಲ್ಲ ಎಂದು ಗೊಣಗುತ್ತಿದ್ದಳು. ಹೊಸದಾಗಿ ಬಂದ ಹುಡುಗಿಯರು ಅವಳಿಗೆ ಹೆದರುತ್ತಿದ್ದರು. ಯಾರಾದರೂ ಆಕಾಶದಲ್ಲಿ ಒಂದು ಚುಕ್ಕೆಗೆ ಕುಂಚ ಒಯ್ದರೆ ಅವರ ಮಣಿಕಟ್ಟು ಹಿಡಿದು, "ಯಾರಂತ ಕೇಳಿದೆಯಾ?" ಎನ್ನುತ್ತಿದ್ದಳು. ಹುಡುಗಿಯರು ಅವಳಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಅರವತ್ತರ ಹೊತ್ತಿಗೆ ಕಣ್ಣು ಮಬ್ಬಾಯಿತು, ಆಮೇಲೆ ಪೂರ್ತಿ ಹೋಯಿತು. ಆಗ ದಿನಾ ಬೆಳಗ್ಗೆ ಕೋಲೂರಿಕೊಂಡು ಇಗರ್ಜಿಯ ದಕ್ಷಿಣದ ಗೋಡೆಯವರೆಗೆ ಹೋಗಿ, ಅಂಗೈಯಿಂದ ಸವರುತ್ತಾ ಒಂದು ಸುತ್ತು ಬರುತ್ತಿದ್ದಳು. ಅಪ್ಪ ಹೇಳಿದ ಹಾಗೆಯೇ ಕೊನೆಗೂ ಕಲ್ಲನ್ನು ಕೈಯಲ್ಲಿ ಓದಿದಳು, ಕೇಳಿಸಿಕೊಳ್ಳಲು ಅವನಿರಲಿಲ್ಲ.

ಕಳೆದ ವರ್ಷ, ಅವಳ ಕೊನೆಯ ಚಳಿಗಾಲದಲ್ಲಿ, ಒಂದು ಭಾನುವಾರ ಮಧ್ಯಾಹ್ನ ಸೂಪು ತೆಗೆದುಕೊಂಡು ಹೋದೆ. ಹಾಸಿಗೆಯಲ್ಲಿದ್ದಳು. ಗೋಡೆಯಿಂದ ಫೋಟೋ ಇಳಿಸಿಕೊಡು ಎಂದಳು. ಮಡಿಲಲ್ಲಿಟ್ಟುಕೊಂಡು ಬೆರಳಾಡಿಸಿದಳು. ಕಾಗದ ನುಣ್ಣಗಿತ್ತು, ಏನೂ ಸಿಗಲಿಲ್ಲ.

"ಕೈ ಇದೆಯಾ ಇನ್ನೂ?"

"ಇದೆ."

"ಸುಳ್ಳು ಹೇಳ್ತಿಲ್ಲ ತಾನೆ?"

"ನಾನು ತೊಳೆದದ್ದು ಕಣೇ. ನಾವಿಬ್ಬರೂ ಹೋದ ಮೇಲೂ ಇರುತ್ತೆ." ಅದು ನಿಜ. ನನ್ನ ಕೈಯಿಂದ ಆದ ಒಳ್ಳೆಯ ಕೆಲಸ ಅದೊಂದೇ.

ಫೋಟೋವನ್ನು ಪಕ್ಕಕ್ಕಿಟ್ಟಳು. ಆಮೇಲೆ ಮೂವತ್ತೈದು ವರ್ಷದಲ್ಲಿ ಒಮ್ಮೆಯೂ ಕೇಳದ್ದನ್ನು ಕೇಳಿದಳು.

"ಅವತ್ತು ಅಪ್ಪ ಬಂದಾಗ ನಾನು ‘ತೆಗೆಸಿ ಆಯ್ತು’ ಅಂದೆ. ‘ನಾನೇ ತೆಗೆದೆ’ ಅನ್ನಲಿಲ್ಲ. ಆ ಮಾತನ್ನೇ ಹಿಡ್ಕೊಂಡು ಇಷ್ಟು ವರ್ಷ ಬದುಕಿದೀನಿ. ನೀನು ಅವನ ಹಿಂದೆ ಬೀದಿ ತನಕ ಹೋಗಿದ್ದೆ ಅಲ್ವಾ? ಮಸಿ ಹಚ್ಚಿದೋಳು ನಾನೇ ಅಂತ ಅಪ್ಪನಿಗೆ ಗೊತ್ತಿರಲಿಲ್ಲ ಅಲ್ವಾ?"

ನಾನು ಸೂಪಿನ ಬಟ್ಟಲು ಕೈಗೆತ್ತಿಕೊಂಡೆ. ನನ್ನ ಮುಖ ಅವಳಿಗೆ ಕಾಣದಿದ್ದುದು ಒಳ್ಳೆಯದಾಯಿತು.

"ಇಲ್ಲ," ಅಂದೆ. "ಯಾರು ಹಚ್ಚಿದ್ದು ಅಂತ ಅವರು ಕೇಳಲೇ ಇಲ್ಲ."

ಸಿದೋನಿ ತಲೆಯಾಡಿಸಿದಳು. ಬಾಯಿ ತೆರೆದಳು, ನಾನು ಸೂಪು ಕುಡಿಸಿದೆ.